ಬಿತ್ತದೆ ಬಂದ ಗಿಡಗಳ ಪಂಡಿತ

ಅವನು ಕೆಟ್ಟ ಮನುಷ್ಯ. ಸಿಟ್ಟಿನವನು, ಒರಟ, ಮನಸ್ಸಿನಲ್ಲಿ ಏನೂ ಇಲ್ಲ ಎಂದು ಮೆತ್ತಗೆ ಹೇಳುವವರಿದ್ದಾರೆ. ಅವರು ಅವನ ಜೊತೆ ಕೆಲಸ ಮಾಡಿದವರಲ್ಲ. ನಾನು ಇಪ್ಪತ್ತಾರು ವರ್ಷ ಮಾಡಿದ್ದೇನೆ. ಸಿಟ್ಟು ಬರುತ್ತದೆ, ಇಳಿಯುತ್ತದೆ. ಅವನಲ್ಲಿದ್ದದ್ದು ಇಳಿಯುವಂಥದ್ದಲ್ಲ. ಇನ್ನೊಬ್ಬರ ತಪ್ಪು ಕಣ್ಣಿಗೆ ಬಿದ್ದರೆ ಅವನಿಗೆ ಹೊಟ್ಟೆ ತುಂಬಿದಷ್ಟು ಸಮಾಧಾನ.

ಬೀಜ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ನಾನು ಮುಖ್ಯಸ್ಥೆ, ಅವನು ಸಹಾಯಕ. ಬಿತ್ತನೆಗೆಂದು ಮಾರುವ ಬೀಜದ ಮೂಟೆಗಳಿಂದ ಒಂದೊಂದು ಹಿಡಿ ನಮ್ಮ ಮೇಜಿಗೆ ಬರುತ್ತಿತ್ತು. ಅಡಿಯಲ್ಲಿ ದೀಪ ಉರಿಯುವ ಗಾಜಿನ ಹಲಗೆಯ ಮೇಲೆ ಅದನ್ನು ಹರಡಬೇಕು. ಬೆಳೆಯ ಕಾಳು ಒಂದು ಕಡೆ, ಕಳೆಯ ಕಾಳು ಒಂದು ಕಡೆ, ಕಲ್ಲು ಕಸ ಇನ್ನೊಂದು ಕಡೆ ಎಂದು ಚಿಮಟದಿಂದ ಒಂದೊಂದಾಗಿ ಎತ್ತಿಡಬೇಕು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಇದೇ ಕೆಲಸ. ಸಾಸಿವೆಗೂ ಅದರ ನಡುವೆ ಬೆಳೆಯುವ ಹಳದಿ ಹೂವಿನ ಮುಳ್ಳುಗಿಡದ ಕಾಳಿಗೂ ಇರುವ ವ್ಯತ್ಯಾಸವನ್ನು ಉಳಿದವರು ಭೂತಗನ್ನಡಿ ಹಿಡಿದು ಹುಡುಕುತ್ತಿದ್ದರು. ಅವನು ಬರಿಗಣ್ಣಿನಲ್ಲಿ ಹೇಳುತ್ತಿದ್ದ, ಹೇಳಿದ್ದು ಒಂದು ಸಲವೂ ತಪ್ಪಾಗಲಿಲ್ಲ. ಚಿಮಟ ಕೈಯಿಂದ ಇಳಿಯುತ್ತಿರಲಿಲ್ಲವಾದ್ದರಿಂದ ಅದೇ ಅವನ ಹೆಸರಾಯಿತು. ಎದುರಿಗೆ ಸಾರ್, ಬೆನ್ನ ಹಿಂದೆ ಚಿಮಟಪ್ಪ.

ಒಮ್ಮೆ ಕೆಲಸ ಕಲಿಯಲು ಬಂದ ಹೆಂಗಸೊಬ್ಬಳು ಅದೇ ಮುಳ್ಳುಗಿಡದ ನಾಲ್ಕು ಕಾಳುಗಳನ್ನು ಸಾಸಿವೆಯ ಕಡೆ ಎತ್ತಿಟ್ಟಳು. ಚಿಮಟಪ್ಪ ಆ ನಾಲ್ಕನ್ನೂ ಒಂದು ಕಾಗದಕ್ಕೆ ಅಂಟಿಸಿ, ಕೆಳಗೆ ಅವಳ ಹೆಸರು ಬರೆದು, ಬಾಗಿಲ ಪಕ್ಕದ ಫಲಕಕ್ಕೆ ಚುಚ್ಚಿದ. ಊಟದ ಹೊತ್ತಿಗೆ ಕಚೇರಿಯಲ್ಲಿ ಎಲ್ಲರೂ ನೋಡಿಯಾಗಿತ್ತು. ನಾನು ಅವನನ್ನು ಕರೆಸಿ ಕೇಳಿದೆ.

"ಅವಳನ್ನು ಪಕ್ಕಕ್ಕೆ ಕರೆದು ಹೇಳೋಕಾಗ್ತಿರ್ಲಿಲ್ವಾ?"

"ಪಕ್ಕಕ್ಕೆ ಕರೆದು ಹೇಳಿದ್ರೆ ಪಕ್ಕದಲ್ಲೇ ಮರೀತಾರೆ, ಮೇಡಂ."

ಆಕೆ ಮುಂದಿನ ವಾರ ಕೆಲಸ ಬಿಟ್ಟಳು. ಅವನ ಹೆಂಡತಿಯೂ ತಂಗಿಯ ಮನೆಗೆ ಎರಡು ದಿನವೆಂದು ಹೋದವಳು ಹನ್ನೊಂದು ವರ್ಷವಾದರೂ ಬಂದಿಲ್ಲ. ಆಕೆಯನ್ನು ನಾನು ಎರಡು ಸಲ ನೋಡಿದ್ದೆ. ಎರಡೂ ಸಲ ಆಕೆ ಮಾತಾಡುವ ಮುಂಚೆ ಅವನ ಮುಖ ನೋಡಿಕೊಂಡಿದ್ದಳು. ಹೋದದ್ದು ಒಳ್ಳೆಯದೇ ಆಯಿತು.

ನಿವೃತ್ತನಾದ ಮೇಲೆ ಅವನು ನಮ್ಮ ಬೀದಿಯಲ್ಲೇ ಒಂದು ಮನೆಯ ಹಿಂಬದಿಯ ಕೋಣೆ ಹಿಡಿದ. ಒಂದು ಮಂಚ, ಒಂದು ಮೇಜು, ಒಂದು ಸೀಮೆಎಣ್ಣೆ ಒಲೆ, ಗೋಡೆಯುದ್ದಕ್ಕೂ ಬೀಜ ತುಂಬಿದ ಸಣ್ಣ ಸೀಸೆಗಳು. ಮನೆಯೊಡತಿ ಕೆಳಗೆ ಮುಂದಿನ ಭಾಗದಲ್ಲಿದ್ದಳು, ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಮಂಡಿ ಹಿಡಿದುಕೊಂಡಿದ್ದರಿಂದ ಅವಳು ಮೆಟ್ಟಿಲು ಹತ್ತಿ ಆರು ವರ್ಷವಾಗಿತ್ತು. ಅಂಗಳದಲ್ಲಿ ನಲವತ್ತಕ್ಕೂ ಹೆಚ್ಚು ಕುಂಡಗಳು ಮೂರು ಸಾಲಾಗಿ ಇದ್ದವು. ಮೇಲೆ ಏನು ನಡೆಯುತ್ತದೆಂದು ಅವಳಿಗೆ ಕಾಣುತ್ತಿರಲಿಲ್ಲ. ಅದನ್ನು ಕುಂಡಗಳಿಂದ ಓದಿ ಹೇಳುವವನೊಬ್ಬ ಸಿಕ್ಕಿದ.

ಅವನಿಗೆ ಹೂವಿನ ಮೇಲೆ ಆಸೆಯಿರಲಿಲ್ಲ. ನೆಟ್ಟ ಗಿಡದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅದರ ಬುಡದಲ್ಲಿ ಕರೆಯದೆ ಬಂದು ಎರಡೆಲೆ ಬಿಟ್ಟ ಸಸಿ ಮಾತ್ರ ಅವನಿಗೆ ಬೇಕು. ಬೀದಿಯವರು ಕುಂಡ ಎತ್ತಿಕೊಂಡು ಬರತೊಡಗಿದರು. "ಸಾರ್, ಇದೇನೋ ಬಂದಿದೆ, ಕಳೆಯಾ ಬೆಳೆಯಾ ನೋಡಿ" ಎನ್ನುವರು. ಅವನು ಹೆಸರು ಹೇಳಿ ಸುಮ್ಮನಿದ್ದರೆ ಅವನನ್ನು ಪಂಡಿತ ಎನ್ನಬಹುದಿತ್ತು. ಅವನು ಸುಮ್ಮನಿರುತ್ತಿರಲಿಲ್ಲ. ಸಸಿ ಹೇಗೆ ಬಂತು, ಯಾರ ಕೈಯಿಂದ, ಯಾರ ಬಾಯಿಂದ ಎನ್ನುವುದನ್ನೂ ಹೇಳುತ್ತಿದ್ದ.

ಬ್ಯಾಂಕಿನಿಂದ ನಿವೃತ್ತನಾದವನೊಬ್ಬನ ಹೆಂಡತಿ ಒಂದು ಮಧ್ಯಾಹ್ನ ಗಂಡನ ಕೈಯಲ್ಲಿ ಕುಂಡ ಹೊರಿಸಿಕೊಂಡು ಬಂದಳು. ದಪ್ಪ ದಪ್ಪ ಎರಡೆಲೆಯ ಏಳೆಂಟು ಸಸಿಗಳು ಒಂದೇ ಮೂಲೆಯಲ್ಲಿ ಎದ್ದಿದ್ದವು.

"ಕರಬೂಜ," ಅಂದ ಚಿಮಟಪ್ಪ. "ನಿಮ್ಮನೇಲಿ ಯಾರೋ ಬಾಲ್ಕನಿಲಿ ನಿಂತು ಕದ್ದು ತಿಂದು ಬೀಜ ಉಗೀತಾರೆ."

"ಅಯ್ಯೋ, ನಮ್ಮನೆಗೆ ಸಿಹಿ ಹಣ್ಣೇ ತರಲ್ಲ. ಇವರಿಗೆ ಸಕ್ಕರೆ ಕಾಯಿಲೆ."

"ಹಾಗಾದ್ರೆ ಇವರೇ."

ಗಂಡ ಕುಂಡವನ್ನು ಕೆಳಗಿಟ್ಟ. ಆಮೇಲೆ ಆ ಮನೆಯಲ್ಲಿ ಆದದ್ದನ್ನು ಇಡೀ ಬೀದಿ ಕೇಳಿತು.

ಅದು ನಗುವಂಥದ್ದು. ಇನ್ನೊಂದು ನಗುವಂಥದ್ದಲ್ಲ. ಮನೆಯೊಡತಿ ಮೇಲಿನ ಕೋಣೆಗಳನ್ನು ಹೊಸದಾಗಿ ಮದುವೆಯಾದ ಗಂಡ ಹೆಂಡಿರಿಗೆ ಕೊಟ್ಟಿದ್ದಳು. ಒಲೆ ಹಚ್ಚಬಾರದು, ಊಟ ಹೊರಗೆ ಎಂಬ ಕರಾರು. ಎರಡು ತಿಂಗಳಿಗೆ ಅವರ ಕಿಟಕಿಯ ಕೆಳಗಿನ ಕುಂಡಗಳಲ್ಲಿ ಟೊಮೆಟೊ, ಮೆಣಸಿನಕಾಯಿ, ಸಾಸಿವೆ ಮೂರೂ ಎದ್ದವು. ಮನೆಯೊಡತಿ ಕೇಳಿದಳು. ಅವನು ಹೇಳಿದ: "ಪಾತ್ರೆ ತೊಳೆದ ನೀರು ಕಿಟಕಿಯಿಂದ ಚೆಲ್ಲಿದ್ದಾರೆ. ಮೂರು ವಾರದಿಂದ ಚೆಲ್ತಿದ್ದಾರೆ." ಹದಿನೈದು ದಿನದಲ್ಲಿ ಅವರು ಮನೆ ಖಾಲಿ ಮಾಡಬೇಕಾಯಿತು. ಆ ಹೆಣ್ಣುಮಗಳು ಬಸುರಿ. ಹಾಸಿಗೆ ಸುತ್ತಿ ಗಾಡಿಗೆ ಹೇರುತ್ತಿದ್ದಾಗ ಅವನು ಅಂಗಳದಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದ.

"ನಿಮಗೇನು ಸಿಕ್ಕಿತು ಇದರಿಂದ?" ಎಂದು ನಾನು ಕೇಳಿದೆ.

"ನಾನು ಗಿಡದ ಹೆಸರು ಹೇಳಿದೆ, ಮೇಡಂ. ಹೆಸರು ಬೇರೆ ಇತ್ತಾ?"

ಹೆಸರು ಬೇರೆ ಇರಲಿಲ್ಲ. ಅಂಥವನ ಮುಂದೆ ವಾದಕ್ಕೆ ಜಾಗವಿರುವುದಿಲ್ಲ.

ಇಷ್ಟಾದರೂ ನಾನು ಪ್ರತಿ ಮಂಗಳವಾರ ಅವನ ಕೋಣೆಗೆ ಹೋಗುತ್ತಿದ್ದೆ. ಕಳೆಬೀಜಗಳ ಗುರುತಿನ ಕೈಪಿಡಿಯೊಂದನ್ನು ಬರೆದುಕೊಡಲು ಪ್ರಯೋಗಾಲಯ ನಿವೃತ್ತಳಾದ ನನ್ನನ್ನು ಕೇಳಿತ್ತು. ಅವನ ಸೀಸೆಗಳಿಲ್ಲದೆ, ಅವನ ಕಣ್ಣಿಲ್ಲದೆ ಆ ಕೆಲಸ ಆಗುವಂಥದ್ದಲ್ಲ. ಅದು ಅವನಿಗೂ ಗೊತ್ತಿತ್ತು. ಕುರ್ಚಿ ಕೊಡುವ ಮುಂಚೆ ನನ್ನನ್ನು ಎರಡು ನಿಮಿಷ ನಿಲ್ಲಿಸುತ್ತಿದ್ದ.

ಖಾಲಿಯಾದ ಕೋಣೆಗಳಿಗೆ ದರ್ಜಿಯೊಬ್ಬಳು ಬಂದಳು. ನಲವತ್ತು ದಾಟಿದವಳು, ಒಂಟಿ, ಜೊತೆಗೆ ಲಕ್ವ ಹೊಡೆದ ತಾಯಿ. ಆ ಮುದುಕಿಯನ್ನು ಕುರ್ಚಿಗೆ ಕಟ್ಟಿ ನಾಲ್ಕು ಗಂಡಸರು ಇಕ್ಕಟ್ಟಿನ ಮೆಟ್ಟಿಲಲ್ಲಿ ಏರಿಸಿದರು. ತಿರುವಿನಲ್ಲಿ ಕುರ್ಚಿ ಸಿಕ್ಕಿಕೊಂಡು ಅರ್ಧ ಗಂಟೆ ಅಲ್ಲೇ ನಿಂತಿತು. ಹೊಲಿಗೆ ಯಂತ್ರದ ಸದ್ದಿಗೆ ಅದಕ್ಕೆ ಮುಂಚೆ ಆರು ಮನೆಯವರು ಇವಳನ್ನು ಬೇಡವೆಂದಿದ್ದರು. ಇದು ಏಳನೆಯದು. ಮನೆಯೊಡತಿಯ ಕಿವಿ ಸ್ವಲ್ಪ ಮಂದವಾಗಿದ್ದದ್ದೇ ಇವಳಿಗೆ ಒದಗಿದ ಅದೃಷ್ಟ. ಆದರೆ ಕರಾರಿನ ಮೊದಲನೆಯ ಸಾಲು ಬೇರೆ: ನಾಯಿ, ಬೆಕ್ಕು, ಹಕ್ಕಿ, ಉಸಿರಾಡುವ ಯಾವುದೂ ಮನೆಯಲ್ಲಿ ಕೂಡದು. ಕಂಡರೆ ಎಚ್ಚರಿಕೆ ಕೊಡುವುದಿಲ್ಲ, ಬೀಗ.

ಬಟ್ಟೆ ಕೊಡಲು ಮೇಲೆ ಹೋದಾಗ ನಾನು ಹಕ್ಕಿಗಳನ್ನು ಕಂಡೆ. ಕಿಟಕಿಯ ಸರಳಿಗೆ ಒಳಗಡೆ ತೂಗುಹಾಕಿದ ಪಂಜರ, ಅದರಲ್ಲಿ ಹೆಬ್ಬೆರಳು ಗಾತ್ರದ ಎರಡು ಕಂದು ಹಕ್ಕಿ. ಸದ್ದು ಮಾಡುವಂಥವಲ್ಲ. ಮುದುಕಿಯ ಮಂಚ ಪಂಜರಕ್ಕೆ ಎದುರಾಗಿ ಇತ್ತು.

"ಯಾರಿಗೂ ಹೇಳ್ಬೇಡಿ ಮೇಡಂ," ಅಂದಳು ದರ್ಜಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ. "ಅವು ತಿನ್ನೋದು ನೋಡ್ತಾ ಇದ್ರೆ ಅಮ್ಮ ಬಾಯಿ ತೆಗೀತಾಳೆ. ಇಲ್ದಿದ್ರೆ ಹಲ್ಲು ಕಚ್ಕೊಂಡು ಬಿಡ್ತಾಳೆ. ಡಾಕ್ಟ್ರು ಮೂಗಿಗೆ ನಳಿಗೆ ಹಾಕ್ಬೇಕು ಅಂದಿದ್ರು. ಹಕ್ಕಿ ಬಂದ ಮೇಲೆ ನಳಿಗೆ ಬೇಕಾಗ್ಲಿಲ್ಲ."

ಚಿಮಟಪ್ಪನಿಗೂ ಅವಳಿಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಅವನು ಕೋಲಿನಿಂದ ತನ್ನ ಕೋಣೆಯ ಮಾಡು ಕುಟ್ಟುತ್ತಿದ್ದ. ಅವಳು ಅಷ್ಟಕ್ಕೇ ಯಂತ್ರವನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದಳು. ಮೆಟ್ಟಿಲ ಬಳಿ ಎದುರಾದರೆ ಮಾತು ಶುರು.

"ಎಷ್ಟು ಹೊತ್ತು ಹೊಲೀತೀಯ? ಊರಿನವರೆಲ್ಲ ಬೆತ್ತಲೆ ಓಡಾಡ್ತಿದ್ದಾರಾ?"

"ಯಜಮಾನ್ರೇ, ನಿಮ್ಮ ಬಾಯಿಗೂ ಒಂದು ಹೊಲಿಗೆ ಹಾಕಿಕೊಡ್ತೀನಿ, ಬನ್ನಿ. ದಾರ ನಂದೇ."

ಒಮ್ಮೆ ಅವಳು ಒಗೆದು ಹರವಿದ ಬಟ್ಟೆಯ ನೀರು ಅವನ ಹೊಸಿಲಿಗೆ ತೊಟ್ಟಿಕ್ಕಿತೆಂದು ಅವನು ಮನೆಯೊಡತಿಗೆ ಬರೆದೇ ದೂರು ಕೊಟ್ಟಿದ್ದ. ಆಮೇಲೆ ಎಷ್ಟೋ ದಿನ ದರ್ಜಿ ಅವನನ್ನು ಕಂಡರೆ ಪಕ್ಕಕ್ಕೆ ಉಗುಳಿ ಹೋಗುತ್ತಿದ್ದಳು.

ಮಳೆ ಬಿದ್ದು ಬಿಸಿಲು ಬಂದ ಒಂದು ಮಂಗಳವಾರ ನಾನು ಹೋದಾಗ ಅವನು ಕೋಣೆಯಲ್ಲಿರಲಿಲ್ಲ, ಅಂಗಳದಲ್ಲಿದ್ದ. ಮೇಲಿನ ಕಿಟಕಿಯ ನೇರ ಕೆಳಗಿನ ಸಾಲಿನಲ್ಲಿ ಹತ್ತು ಕುಂಡಗಳು. ಹತ್ತರಲ್ಲೂ ಗುಲಾಬಿಯ ಬುಡದಲ್ಲಿ ಹಸಿರು ಹುಲ್ಲಿನಂಥ ಸಸಿಗಳು ಎದ್ದಿದ್ದವು. ನಾನು ಬಗ್ಗಿ ನೋಡಿದೆ. ಹುಲ್ಲಿನ ಜಾತಿಯ ಮರಿಗಳೆಲ್ಲ ಒಂದೇ ಥರ ಕಾಣುತ್ತವೆ. ಆದರೆ ಬೇರು ಸಮೇತ ಮೆಲ್ಲಗೆ ಕಿತ್ತರೆ ಮೊಳೆತ ಕಾಳಿನ ಸಿಪ್ಪೆ ಎಷ್ಟೋ ದಿನ ಬುಡಕ್ಕೆ ಅಂಟಿಕೊಂಡೇ ಇರುತ್ತದೆ. ಅದನ್ನು ನೋಡಿದರೆ ಮುಗಿಯಿತು. ನಾನು ಒಂದನ್ನು ಕಿತ್ತೆ. ಬುಡದಲ್ಲಿ ಹಳದಿಯಾಗಿ ಹೊಳೆಯುವ ಸಿಪ್ಪೆ. ನವಣೆ. ಹಕ್ಕಿಗೆ ಹಾಕುವ ಕಾಳು.

ನಾನು ಅದನ್ನು ಮುಷ್ಟಿಯೊಳಗೆ ಇಟ್ಟುಕೊಂಡೆ. ಅವನು ನನ್ನ ಮುಷ್ಟಿಯನ್ನೇ ನೋಡುತ್ತಿದ್ದ.

"ನೀವೇ ಹೇಳ್ತೀರೋ ನಾನು ಹೇಳ್ಲೋ?" ಅಂದ.

"ಏನನ್ನು?"

"ಮೇಲೆ ಎರಡಿದೆಯೋ ಮೂರಿದೆಯೋ ಅದು ಮಾತ್ರ ನನಗೆ ಗೊತ್ತಿಲ್ಲ."

ಆ ಮುದುಕಿಯನ್ನು ಮತ್ತೆ ಕುರ್ಚಿಗೆ ಕಟ್ಟಿ ಇಳಿಸುವುದು ನನ್ನ ಕಣ್ಣ ಮುಂದೆ ಬಂತು. ಏಳು ಮನೆ ಹುಡುಕಿದವಳು ಎಂಟನೆಯದನ್ನು ಎಲ್ಲಿ ಹುಡುಕಬೇಕು? ಅವನನ್ನು ಕೇಳಿಕೊಳ್ಳಬಹುದಿತ್ತು. ನಾನು ಯಾರನ್ನೂ ಕೇಳಿಕೊಂಡವಳಲ್ಲ, ಅವನು ಕೇಳಿಕೊಂಡರೆ ಕೊಡುವವನೂ ಅಲ್ಲ. ಬಾಯಿ ತೆರೆಯುವಷ್ಟರಲ್ಲಿ ಮನೆಯೊಡತಿ ಕೋಲೂರಿಕೊಂಡು ಬಂದೇಬಿಟ್ಟಳು.

"ಮೇಡಂನೂ ಇದ್ದಾರೆ, ಒಳ್ಳೇದಾಯ್ತು. ಸಾರ್, ಇದೇನು ಹೇಳಿ. ಆ ಎರಡು ಸಾಲಲ್ಲಿ ಒಂದೇ ಒಂದು ಕಡ್ಡಿಯಿಲ್ಲ. ಈ ಕಿಟಕಿ ಕೆಳಗೆ ಮಾತ್ರ ಬಂದಿದೆ. ಮೇಲಿಂದ ಏನೋ ಬೀಳ್ತಿದೆ. ಏನು ಅಂತ ನೀವು ಹೇಳಿ, ಆಮೇಲೆ ನಾನು ನೋಡ್ಕೋತೀನಿ."

ಮೇಲೆ ಹೊಲಿಗೆ ಯಂತ್ರದ ಸದ್ದು ನಿಂತುಹೋಯಿತು.

ಚಿಮಟಪ್ಪ ಬಗ್ಗಿದ. ಒಂದು ಸಸಿಯನ್ನು ಬುಡದಲ್ಲಿ ಹಿಡಿದು ಕಿತ್ತ. ಮೇಲೆತ್ತುವ ಮುಂಚೆಯೇ ಹೆಬ್ಬೆರಳು ತೋರುಬೆರಳಿನ ನಡುವೆ ಬೇರನ್ನು ಒಮ್ಮೆ ಉಜ್ಜಿದ. ಸಿಪ್ಪೆ ಮಣ್ಣಿಗೆ ಬಿತ್ತು. ಬರೀ ಬೇರನ್ನು ಮನೆಯೊಡತಿಯ ಮೂಗಿಗೆ ಹಿಡಿದ.

"ಹುಲ್ಲು."

"ಯಾವ ಹುಲ್ಲು?"

"ಕೆರೆ ಏರಿ ಮೇಲೆ ಬೆಳೆಯೋ ಕಾಡುಹುಲ್ಲು. ಈ ಸಾಲಿಗೆ ಹೋದ ತಿಂಗಳು ಯಾವ ಮಣ್ಣು ಹಾಕಿಸಿದ್ರಿ?"

"ಕೆರೆ ಹೂಳು. ಗಾಡಿಯವನು ತಂದ."

"ಉಳಿದ ಎರಡು ಸಾಲಿಗೆ?"

"ಹಳೇದೇ ಇದೆ."

"ಮತ್ತೆ ನನ್ನನ್ನೇನು ಕೇಳ್ತೀರಿ? ಒಳ್ಳೆ ಮಣ್ಣು ತರಿಸೋಕೆ ಜೀವ ಬಾರದೆ ಕೆರೆ ಕಸ ತುಂಬಿಸಿದ್ದೀರಿ. ಕಸದಲ್ಲಿ ಕಸ ಹುಟ್ಟಿದೆ. ಮೇಲಿಂದ ಬಿತ್ತಂತೆ, ಮೇಲಿಂದ! ಆಕಾಶದಿಂದ ಬಿತ್ತಾ?"

ಮನೆಯೊಡತಿಯ ಮುಖ ಕೆಂಪಾಯಿತು. ಆದರೆ ಅವಳು ಬುದ್ಧಿವಂತೆ. ಕೋಲನ್ನು ನನ್ನ ಕಡೆ ತಿರುಗಿಸಿದಳು.

"ಮೇಡಂ, ನೀವು ಇವರಿಗಿಂತ ದೊಡ್ಡ ಅಧಿಕಾರಿ ಆಗಿದ್ದವರು. ನೀವು ಹೇಳಿ. ಇದು ಬರೀ ಹುಲ್ಲೇನಾ?"

ನನ್ನ ಮುಷ್ಟಿಯಲ್ಲಿ ಇನ್ನೊಂದು ಸಸಿ ಇತ್ತು, ಸಿಪ್ಪೆಯ ಸಮೇತ. ನಾನು ನನ್ನ ಜೀವಮಾನದಲ್ಲಿ ಸುಳ್ಳು ವರದಿಗೆ ಸಹಿ ಹಾಕಿದವಳಲ್ಲ.

"ಇವರನ್ನ ಕೇಳ್ತೀರಾ?" ಚಿಮಟಪ್ಪನ ಗಂಟಲು ಬೀದಿಗೆ ಕೇಳುವಷ್ಟು ಏರಿತು. "ಇಪ್ಪತ್ತಾರು ವರ್ಷ ನಾನು ಎತ್ತಿಟ್ಟಿದ್ದಕ್ಕೆ ಕೆಳಗೆ ಸಹಿ ಹಾಕಿದ್ದು ಬಿಟ್ರೆ ಇವರಿಗೇನು ಬರುತ್ತೆ? ಕುರ್ಚಿ ಬಿಸಿ ಮಾಡಿದವರು. ಹುಲ್ಲಿಗೂ ಈರುಳ್ಳಿಗೂ ವ್ಯತ್ಯಾಸ ಹೇಳೋಕೆ ಎರಡು ಕನ್ನಡಕ ಬೇಕು ಇವರಿಗೆ. ಈಗ್ಲೂ ಪ್ರತಿ ಮಂಗಳವಾರ ನನ್ನ ಹತ್ರ ಪಾಠಕ್ಕೆ ಬರ್ತಾರೆ. ಕೇಳಿ, ಬರ್ತೀರೋ ಇಲ್ವೋ ಅಂತ ಕೇಳಿ!"

ಪಕ್ಕದ ಮನೆಯ ಇಬ್ಬರು ಕಾಂಪೌಂಡಿನ ಮೇಲಿಂದ ಇಣುಕಿದರು. ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದೆ.

"ಪ್ರತಿ ಮಂಗಳವಾರ ಬರ್ತೀನಿ, ಅದು ನಿಜ," ಅಂದೆ.

ಮನೆಯೊಡತಿಗೆ ಅಷ್ಟು ಸಾಕಾಯಿತು. "ಗಾಡಿಯವನು ಬರಲಿ ನಾಳೆ, ಮಾಡ್ತೀನಿ ಅವನಿಗೆ" ಎಂದು ಗೊಣಗುತ್ತ ಒಳಗೆ ಹೋದಳು. ಅವನು ನನಗೆ ಬೆನ್ನು ತಿರುಗಿಸಿ, ಹತ್ತೂ ಕುಂಡಗಳ ಸಸಿಗಳನ್ನು ಒಂದೊಂದಾಗಿ ಕಿತ್ತು ಮುರಿದು ಮಣ್ಣಿನಲ್ಲಿ ಹೂತ. ಸ್ವಲ್ಪ ಹೊತ್ತಿಗೆ ಮೇಲೆ ಯಂತ್ರ ಮತ್ತೆ ಶುರುವಾಯಿತು. ತಕ್ಷಣ ಅವನು ಕೋಲು ಹುಡುಕಿಕೊಂಡು ಕೋಣೆಗೆ ನಡೆದ.

ನಾನು ಆ ದಿನ ಕೈಪಿಡಿಯ ಕೆಲಸ ಮಾಡದೆ ಮನೆಗೆ ಬಂದೆ. ಅವನು ಸುಳ್ಳು ಹೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಅದಕ್ಕೆ ಒಂದು ವಾರ ಮುಂಚೆ ಮನೆಯೊಡತಿ ಅಂಗಳದ ನಲ್ಲಿಗೆ ಬೀಗ ಹಾಕಿದ್ದಳು, ಅವನು ಎರಡು ಕೊಡ ನೀರಿಗೆ ಅವಳ ಬಾಗಿಲು ತಟ್ಟಬೇಕಾಗಿತ್ತು. ಅವಳನ್ನು ಬೀದಿಯ ಮುಂದೆ ಜಿಪುಣಿ ಎನ್ನುವ ಅವಕಾಶ, ಜೊತೆಗೆ ನನ್ನ ಮೇಲೆ ಇಪ್ಪತ್ತಾರು ವರ್ಷದ ಹೊಟ್ಟೆಯುರಿ ಕಕ್ಕುವ ಅವಕಾಶ, ಎರಡೂ ಒಂದೇ ಬೆಳಿಗ್ಗೆ ಸಿಕ್ಕಿದವು. ದರ್ಜಿ ಬದುಕಿಕೊಂಡದ್ದು ಅವನ ದ್ವೇಷಕ್ಕೆ ಬೇರೆ ಗುರಿ ಸಿಕ್ಕಿದ್ದರಿಂದ. ಹೀಗೆ ಲೆಕ್ಕ ಸರಿಹೋಯಿತು ಎಂದುಕೊಂಡೆ.

ಮುಂದಿನ ಮಂಗಳವಾರ ನಾನು ಹೋಗಲಿಲ್ಲ. ಅದರ ಮುಂದಿನದಕ್ಕೆ ಹೋದೆ. ಕೈಪಿಡಿ ನನ್ನ ಸಿಟ್ಟಿಗೆ ಕಾಯುವಂತಿರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು. ಕೋಣೆಯೆಲ್ಲ ಕಾಳು ಹುರಿದ ವಾಸನೆ. ಒಲೆಯ ಪಕ್ಕ ಕಪ್ಪಾದ ಬಾಣಲೆ, ಅದರ ಪಕ್ಕ ಮುಚ್ಚಳವಿರುವ ದೊಡ್ಡ ತಗಡಿನ ಡಬ್ಬಿ. ಮುಚ್ಚಳದ ಮೇಲೆ ಬಣ್ಣಬಣ್ಣದ ದಾರದ ಎಳೆಗಳು ಅಂಟಿದ್ದವು. ಅಂಥ ಡಬ್ಬಿ ಆ ಮನೆಯಲ್ಲಿ ಒಬ್ಬಳ ಹತ್ತಿರ ಮಾತ್ರ ಇರಲು ಸಾಧ್ಯ.

ಮೇಜಿನ ಮೇಲೆ ಒದ್ದೆ ಕಾಗದದ ಸುರುಳಿಯೊಂದನ್ನು ಅವನು ಬಿಚ್ಚುತ್ತಿದ್ದ. ಬೀಜಕ್ಕೆ ಜೀವವಿದೆಯೇ ಇಲ್ಲವೇ ಎಂದು ನೋಡುವ ಕ್ರಮ ಇದು. ನೂರು ಕಾಳನ್ನು ಒದ್ದೆ ಕಾಗದದ ಮೇಲೆ ಹತ್ತು ಸಾಲಾಗಿ ಇಟ್ಟು, ಸುತ್ತಿ, ನವಣೆಯಾದರೆ ಹತ್ತನೆಯ ದಿನ ಬಿಚ್ಚಿ ಎಷ್ಟು ಮೊಳೆತಿವೆ ಎಂದು ಎಣಿಸಬೇಕು. ಪ್ರಯೋಗಾಲಯದಲ್ಲಿ ಅದು ಪಕ್ಕದ ಕೋಣೆಯವರ ಕೆಲಸವಾಗಿತ್ತು. ನೆನೆಹಾಕಿ ಕಾಯುವ ಸೋಮಾರಿಗಳ ಕೆಲಸ ಎಂದು ಅವನು ಅದನ್ನು ಹೀಗಳೆಯುತ್ತಿದ್ದ. ಈಗ ತಾನೇ ಬಗ್ಗಿ ನಿಂತು ಎಣಿಸುತ್ತಿದ್ದ. ಹುರಿದ ಕಾಳು. ಹಕ್ಕಿ ತಿನ್ನಬಹುದು, ಮುದುಕಿ ನೋಡಬಹುದು. ಕಿಟಕಿಯಿಂದ ಎಷ್ಟು ಬಿದ್ದರೂ ಕುಂಡದಲ್ಲಿ ಏನೂ ಏಳಬಾರದು.

"ಏನು ನೋಡ್ತೀರಿ? ನಿಂತ್ಕೊಳ್ಳಿ ಅಲ್ಲೇ, ಬೆಳಕಿಗೆ ಅಡ್ಡ ಬರಬೇಡಿ," ಅಂದ.

ಹೊರಗೆ ಹೆಜ್ಜೆ ಸದ್ದಾಯಿತು. ದರ್ಜಿ ಬಾಗಿಲಿನಿಂದ ತಲೆ ಮಾತ್ರ ತೂರಿಸಿದಳು.

"ಏನ್ ಯಜಮಾನ್ರೇ, ನನ್ನ ಡಬ್ಬಿ ಕೊಡ್ತೀರೋ, ಇಲ್ಲಾ ನೀವೇ ಮುಕ್ಕೋಕೆ ಇಟ್ಕೊಂಡಿದ್ದೀರೋ? ಅಕ್ಕಿನುಚ್ಚು ತಿಂದು ತಿಂದು ಅವಕ್ಕೂ ಬೇಜಾರು, ಅಮ್ಮಂಗೂ ಬೇಜಾರು."

"ಮೆಲ್ಲಗೆ ಬೊಗಳು. ಮುಂದಿನ ಕೋಣೆಗೆ ಕೇಳುತ್ತೆ."

"ಅವರಿಗೆಲ್ಲಿ ಕೇಳುತ್ತೆ ಬಿಡಿ. ಆಯ್ತಾ ಅಂತ ಕೇಳಿದೆ."

ಅವನು ಎಣಿಸುತ್ತಲೇ ಇದ್ದ. ಚಿಮಟದ ತುದಿ ಒಂದೊಂದೇ ಸಾಲು ದಾಟುತ್ತಿತ್ತು. ಆರು, ಏಳು, ಎಂಟು. ಒಂಬತ್ತನೆಯ ಸಾಲಿನಲ್ಲಿ ನಿಂತಿತು. ಅಲ್ಲೊಂದು ಕಾಳು ಒಡೆದು ಬಿಳಿ ಎಳೆಯಂಥ ಬೇರು ಬಿಟ್ಟಿತ್ತು. ನೂರರಲ್ಲಿ ಒಂದು. ಅವನು ಅದನ್ನು ಎತ್ತಿ ಬೆಳಕಿಗೆ ಹಿಡಿದು, ಫಲಕಕ್ಕೆ ಚುಚ್ಚಿದ ಆ ನಾಲ್ಕು ಕಾಳುಗಳನ್ನು ನೋಡುತ್ತಿದ್ದ ಕಣ್ಣಿನಲ್ಲೇ ನೋಡಿದ.

"ಒಂದು ಉಳ್ಕೊಂಡಿದೆ," ಅಂದ. "ಇನ್ನೂ ಹತ್ತು ದಿನ. ನುಚ್ಚು ಹಾಕು, ಹೋಗು."

ಅವಳು ಬೈದುಕೊಂಡು ಮೆಟ್ಟಿಲು ಹತ್ತಿದಳು. ಅವನು ಒಲೆ ಹಚ್ಚಿ, ಡಬ್ಬಿಯಲ್ಲಿದ್ದ ಅಷ್ಟೂ ನವಣೆಯನ್ನು ಮತ್ತೆ ಬಾಣಲೆಗೆ ಸುರಿದ.